ಹಳೇ ಪಂಕ್ ಕಾನ್ಸರ್ಟ್ ಫಿಲ್ಮುಗಳು ಯಾಕಿಷ್ಟು ಅಪರೂಪ, ಜನ ಯಾಕೆ ಅವುಗಳ ಬೆನ್ನು ಬೀಳುತ್ತಾರೆ

1980ರ ಮಾರ್ಚ್‌ನಲ್ಲಿ ದಿ ಪೊಲೀಸ್ ಅನ್ನೋ ಇಂಗ್ಲಿಷ್ ಬ್ಯಾಂಡು ಮುಂಬೈಗೆ ಬಂದು, ಕೊಲಾಬಾದ ಹೋಮಿ ಭಾಭಾ ಸಭಾಂಗಣದಲ್ಲಿ ಹಾಡಿತ್ತು. ಕರೆಸಿದ್ದು ಇಲ್ಲಿನ ಹೆಂಗಸರೇ ನಡೆಸುತ್ತಿದ್ದ ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್. ಬ್ಯಾಂಡಿನ ಜೊತೆ ಕ್ಯಾಮೆರಾದವರೂ ಬಂದಿದ್ದರು. ಆ ಪ್ರವಾಸದ ಚಿತ್ರ 'ದಿ ಪೊಲೀಸ್ ಅರೌಂಡ್ ದಿ ವರ್ಲ್ಡ್' 80ರ ದಶಕದ ಶುರುವಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ಟಾಗಿ ಬಂತು. ಡಿವಿಡಿ, ಬ್ಲೂ-ರೇ ಆಗಿ ಬಂದಿದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ, ನಮ್ಮೂರಲ್ಲೇ ನಡೆದ ಆ ಶೋವನ್ನು ಸರಿಯಾಗಿ ನೋಡಬೇಕೆಂದರೆ ಯಾರದೋ ಮನೆಯ ಕಪಾಟಿನಿಂದ ಹಳೇ ಕ್ಯಾಸೆಟ್ಟೊಂದು ಹೊರಬರಬೇಕಿತ್ತು.

ದಿ ಪೊಲೀಸ್ ಅಪ್ಪಟ ಪಂಕ್ ಬ್ಯಾಂಡಲ್ಲ, ಒಪ್ಪುತ್ತೇನೆ. ಆದರೆ 1977ರ ಲಂಡನ್ನಿನ ಪಂಕ್ ಗದ್ದಲದ ನಡುವೆಯೇ ಹುಟ್ಟಿದ್ದು. ಅಷ್ಟು ದೊಡ್ಡ ಹೆಸರು ಮಾಡಿದವರ ಚಿತ್ರವೇ ಇಷ್ಟು ಕಾಲ ಕೈಗೆ ಸಿಗದೆ ಹೋಯಿತು ಅಂದರೆ, ಐವತ್ತು ಜನ ನಿಂತು ನೋಡಿದ ನೆಲಮಾಳಿಗೆಯ ಶೋಗಳ ಗತಿ ಏನು? ಅಂಥ ಫಿಲ್ಮುಗಳನ್ನು ಹುಡುಕುವವರು ಜಗತ್ತಿನ ತುಂಬಾ ಇದ್ದಾರೆ. ಅವರ ಹುಡುಕಾಟ ಹೊರಗಿನಿಂದ ನೋಡಿದವರಿಗೆ ಹುಚ್ಚಿನ ಥರ ಕಾಣುತ್ತದೆ. ಹಾಗಲ್ಲ. ಈ ಫಿಲ್ಮುಗಳು ಹೇಗೆ ತಯಾರಾದವು ಅನ್ನೋದು ಗೊತ್ತಾದರೆ, ಯಾಕೆ ಇಷ್ಟು ಕಮ್ಮಿ ಇವೆ, ಯಾಕೆ ಇಷ್ಟು ಬೇಕಾಗಿವೆ ಅನ್ನೋದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಂಕ್ ಬಗ್ಗೆ ಎರಡೇ ಮಾತು. 70ರ ದಶಕದ ನಡುವಿಗೆ ರಾಕ್ ಸಂಗೀತ ತುಂಬಾ ದೊಡ್ಡ ವ್ಯವಹಾರ ಆಗಿಬಿಟ್ಟಿತ್ತು. ದೊಡ್ಡ ಮೈದಾನ, ಒಬ್ಬರೇ ಉದ್ದುದ್ದ ನುಡಿಸುವ ಸೋಲೋ, ಲಾರಿಗಟ್ಟಲೆ ಸಾಮಾನು. ಅದು ಬೇಡ ಅಂದ ಹುಡುಗ ಹುಡುಗಿಯರು ಗಿಟಾರಿನ ಮೂರು ಕಾರ್ಡು (ಸ್ವರಗುಚ್ಛ) ಕಲಿತು ಸಣ್ಣ ಜಾಗಗಳಲ್ಲಿ ಜೋರಾಗಿ, ವೇಗವಾಗಿ ನುಡಿಸತೊಡಗಿದರು. ನ್ಯೂಯಾರ್ಕಿನಲ್ಲಿ ಸಿಬಿಜಿಬಿ ಅನ್ನೋ ಬಾರು, ಲಂಡನ್ನಿನಲ್ಲಿ ರಾಕ್ಸಿ ಅನ್ನೋ ಕ್ಲಬ್ಬು ಇದರ ತವರು. ರಮೋನ್ಸ್ ಬ್ಯಾಂಡಿನ 1976ರ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ, ಎಲ್ಲಾ ಸೇರಿ ಅರ್ಧ ಗಂಟೆಯೂ ಇಲ್ಲ.

ಇಂಥ ಜಾಗಕ್ಕೆ ದೊಡ್ಡ ಸ್ಟುಡಿಯೋದ ಕ್ಯಾಮೆರಾ ಯಾಕೆ ಬರುತ್ತದೆ? ಬರಲಿಲ್ಲ. ತೆಗೆದವರೆಲ್ಲ ಅಲ್ಲೇ ಓಡಾಡಿಕೊಂಡಿದ್ದವರು. ಡಾನ್ ಲೆಟ್ಸ್ ರಾಕ್ಸಿಯಲ್ಲಿ ರೆಕಾರ್ಡು ಹಾಕುತ್ತಿದ್ದ ಡಿಜೆ. 1977ರಲ್ಲಿ ಕೈಯಲ್ಲೊಂದು ಸೂಪರ್ 8 ಕ್ಯಾಮೆರಾ ಹಿಡಿದು ಕ್ಲ್ಯಾಶ್, ಸ್ಲಿಟ್ಸ್, ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನವರೆಲ್ಲರನ್ನೂ ತೆಗೆದರು. ಅದೇ ಮುಂದೆ 'ದಿ ಪಂಕ್ ರಾಕ್ ಮೂವಿ' ಆಯಿತು. ನ್ಯೂಯಾರ್ಕಿನಲ್ಲಿ ಏಮಸ್ ಪೋ ಅನ್ನೋ ಚಿತ್ರ ನಿರ್ದೇಶಕರ ಜೊತೆ ಕೂಡಿ ಕ್ಯಾಮೆರಾ ಹಿಡಿದ ಇವಾನ್ ಕ್ರಾಲ್ ಸ್ವತಃ ಪ್ಯಾಟಿ ಸ್ಮಿತ್ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದವರು.

ಈಗ ಸೂಪರ್ 8 ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅರ್ಧ ಗುಟ್ಟು ಅಲ್ಲಿದೆ. 1965ರಲ್ಲಿ ಕೊಡಾಕ್ ಕಂಪನಿ ಮನೆಮಂದಿಗೆಂದು ತಂದ ಸಣ್ಣ ಫಿಲ್ಮು ಅದು. ಮಗುವಿನ ನಾಮಕರಣ, ಮದುವೆ, ಬೀಚಿಗೆ ಹೋಗಿದ್ದು, ಇಂಥದ್ದಕ್ಕೆ. ಒಂದು ಡಬ್ಬಿಯಲ್ಲಿ 50 ಅಡಿ ಫಿಲ್ಮು. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡು. 24 ಫ್ರೇಮಿನಂತೆ ಓಡಿಸಿದರೆ ಎರಡೂವರೆ ನಿಮಿಷ. ಅಷ್ಟೇ, ಮುಗೀತು, ಡಬ್ಬಿ ಬದಲಿಸಬೇಕು. ಡಬ್ಬಿಗೂ ದುಡ್ಡು, ತೊಳೆಸೋದಕ್ಕೂ ದುಡ್ಡು. ಹಾಗಾಗಿ ಇಡೀ ಶೋ ತೆಗೆಯುವ ಮಾತೇ ಇರಲಿಲ್ಲ. ಈ ಹಾಡಿನ ಅರ್ಧ, ಆ ಹಾಡಿನ ಕಾಲು, ನಡುವೆ ಮುಂದಿನ ಸಾಲಿನ ಒಂದು ಮುಖ, ಹೀಗೆ ಆರಿಸಿ ಆರಿಸಿ ತೆಗೆಯಬೇಕು. ಈಗ ನಾವು ನೋಡುವ ಎಷ್ಟೋ ತುಣುಕುಗಳು ಹಾಡಿನ ನಡುವೆ ದಿಢೀರಂತ ನಿಂತುಬಿಡುವುದು ಯಾರೋ ಕತ್ತರಿಸಿದ್ದರಿಂದ ಅಲ್ಲ, ಅಲ್ಲಿಗೆ ಡಬ್ಬಿ ಖಾಲಿಯಾಗಿತ್ತು.

ಎರಡನೆಯದು ಬೆಳಕು. ಮನೆಬಳಕೆಯ ಕೊಡಾಕ್ರೋಮ್ ಫಿಲ್ಮಿಗೆ ಒಳ್ಳೇ ಬೆಳಕು ಬೇಕು. ಕ್ಲಬ್ಬಿನಲ್ಲಿ ಇದ್ದದ್ದು ಒಂದೆರಡು ಬಲ್ಬು, ಜೊತೆಗೆ ಸಿಗರೇಟಿನ ಹೊಗೆ. ಜಾಸ್ತಿ ಸ್ಪೀಡಿನ, ಅಂದರೆ ಕಮ್ಮಿ ಬೆಳಕಲ್ಲೂ ಚಿತ್ರ ಹಿಡಿಯುವ, ಫಿಲ್ಮು ಹಾಕಿದರೆ ಚಿತ್ರ ಬರುತ್ತಿತ್ತು, ಆದರೆ ಕಾಳು ಕಾಳಾಗಿ. ಪಂಕ್ ಫಿಲ್ಮಿನ ಆ ಒರಟು, ಕಪ್ಪು ಹೆಚ್ಚಿರುವ ನೋಟವನ್ನು ಇವತ್ತು ಜಾಹೀರಾತಿನವರು ಕಂಪ್ಯೂಟರಿನಲ್ಲಿ ಬೇಕೆಂದೇ ತರಿಸುತ್ತಾರೆ. ಅಂದು ಅದು ಬರೀ ಬೆಳಕಿನ ಕೊರತೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಸಿನಿಮಾ ಅಂದರೆ ನೆಗೆಟಿವ್ ಇರುತ್ತದೆ, ಅದರಿಂದ ಬೇಕಾದಷ್ಟು ಪ್ರಿಂಟ್ ಹಾಕಬಹುದು ಅಂತ ನಾವು ಅಂದುಕೊಂಡಿರುತ್ತೇವೆ. ಸೂಪರ್ 8ರಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದದ್ದು ರಿವರ್ಸಲ್ ಫಿಲ್ಮು. ಅದಕ್ಕೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗೆ ಓಡಿದ ಅದೇ ಪಟ್ಟಿಯನ್ನು ತೊಳೆದಾಗ ನೇರ ಚಿತ್ರವಾಗಿ ಬರುತ್ತದೆ, ಅದನ್ನೇ ಪ್ರೊಜೆಕ್ಟರಿಗೆ ಹಾಕಿ ನೋಡುವುದು. ಅಂದರೆ ಆ ರಾತ್ರಿಯ ಬೆಳಕು ತಾಗಿದ್ದು ಜಗತ್ತಿನಲ್ಲಿ ಆ ಒಂದೇ ಒಂದು ಪಟ್ಟಿಗೆ. ಪ್ರತಿ ಸಲ ಪ್ರೊಜೆಕ್ಟರಿಗೆ ಹಾಕಿದಾಗಲೂ ಅದಕ್ಕೊಂದು ಗೀರು. ಪ್ರೊಜೆಕ್ಟರಿನ ಬಲ್ಬಿನ ಮುಂದೆ ಸಿಕ್ಕಿಕೊಂಡರೆ ಸುಟ್ಟೇ ಹೋಗುತ್ತದೆ. ಇಂಥದ್ದೊಂದು ರೀಲು ಸಿಕ್ಕಿತು ಅಂತ ಯಾರಾದರೂ ಹೇಳಿದರೆ, ಅದು ಇನ್ನೊಂದು ಕಾಪಿ ಅಲ್ಲ, ಇರೋದೇ ಅದೊಂದು. ಸಂಗ್ರಹಕಾರರ ಎದೆ ಹೊಡೆದುಕೊಳ್ಳುವುದು ಇಲ್ಲಿ.

ಇನ್ನು ಧ್ವನಿ. ಸೂಪರ್ 8ಕ್ಕೆ ಧ್ವನಿ ಬಂದಿದ್ದೇ 1973ರಲ್ಲಿ, ಅದೂ ಬೇರೆ ಕ್ಯಾಮೆರಾ ಬೇಕು, ದುಬಾರಿ. ಎಷ್ಟೋ ಜನ ಮೂಕ ಚಿತ್ರ ತೆಗೆದು, ಧ್ವನಿಯನ್ನು ಬೇರೆ ಟೇಪಿನಲ್ಲಿ ಹಿಡಿದರು. ಎರಡೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಸೆಕೆಂಡಿಗೆ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ. ಪೋ ಮತ್ತು ಕ್ರಾಲ್ ಸೇರಿ ಮಾಡಿದ 'ದಿ ಬ್ಲ್ಯಾಂಕ್ ಜನರೇಷನ್' 16 ಎಂಎಂ ಕಪ್ಪು ಬಿಳುಪಿನದು. ಅದರಲ್ಲಿ ಚಿತ್ರಕ್ಕೂ ಹಾಡಿಗೂ ತಾಳೆಯೇ ಇಲ್ಲ. ಬ್ಲಾಂಡಿ, ಟೆಲಿವಿಷನ್, ಟಾಕಿಂಗ್ ಹೆಡ್ಸ್ ಬ್ಯಾಂಡಿನವರೆಲ್ಲರೂ ಒಂದು ನುಡಿಸುತ್ತಿದ್ದರೆ ನಮಗೆ ಕೇಳುವುದು ಇನ್ನೊಂದು. ಆದರೂ ನನ್ನ ಮಟ್ಟಿಗೆ ಆ ಕಾಲದ ಅತ್ಯಂತ ಜೀವಂತ ಚಿತ್ರ ಅದೇ. ಯಾರಿಗೂ ಇನ್ನೂ ಹೆಸರು ಬಂದಿಲ್ಲ, ಯಾರೂ ಕ್ಯಾಮೆರಾಕ್ಕೆಂದು ನಿಂತಿಲ್ಲ.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು, ವಿಡಿಯೋ. ಸೋನಿ ಕಂಪನಿ 1967ರಲ್ಲಿ ಪೋರ್ಟಾಪ್ಯಾಕ್ ಅನ್ನೋ ಹೆಗಲಿಗೆ ಹಾಕಿಕೊಳ್ಳುವ ಯಂತ್ರ ತಂದಿತ್ತು. ಅರ್ಧ ಇಂಚಿನ ಟೇಪು, ಕಪ್ಪು ಬಿಳುಪು, ಆದರೆ ಒಂದೇ ಓಟದಲ್ಲಿ 20-30 ನಿಮಿಷ, ಧ್ವನಿ ಸಮೇತ. ನ್ಯೂಯಾರ್ಕಿನಲ್ಲಿ ಪ್ಯಾಟ್ ಐವರ್ಸ್ ಮತ್ತು ಎಮಿಲಿ ಆರ್ಮ್‌ಸ್ಟ್ರಾಂಗ್ ಅನ್ನೋ ಇಬ್ಬರು ಹೆಂಗಸರು ಇಂಥ ವಿಡಿಯೋ ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಸಿಬಿಜಿಬಿಯಲ್ಲಿ ಬ್ಯಾಂಡುಗಳನ್ನು ತೆಗೆದರು. ಅವರ ಟೇಪುಗಳು ಈಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫೇಲ್ಸ್ ಲೈಬ್ರರಿಯಲ್ಲಿ ಭದ್ರವಾಗಿವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋ ರೀಸ್ ಶುರು ಮಾಡಿದ ಟಾರ್ಗೆಟ್ ವಿಡಿಯೋ ಇದೇ ಕೆಲಸ ಮಾಡಿತು. 1978ರ ಜೂನ್‌ನಲ್ಲಿ ಕ್ರ್ಯಾಂಪ್ಸ್ ಬ್ಯಾಂಡು ಕ್ಯಾಲಿಫೋರ್ನಿಯಾದ ನಾಪಾ ಮಾನಸಿಕ ಆಸ್ಪತ್ರೆಯಲ್ಲಿ ಅಲ್ಲಿನ ರೋಗಿಗಳ ಎದುರು ನುಡಿಸಿದ್ದನ್ನು ತೆಗೆದವರು ಇವರೇ. ಸುಮಾರು 20 ನಿಮಿಷದ ವಿಡಿಯೋ. ನೋಡುಗರು ಮೈಕಿನ ಹತ್ತಿರ ಬರುತ್ತಾರೆ, ಕುಣಿಯುತ್ತಾರೆ, ಹಾಡುಗಾರ ಅವರನ್ನು ತನ್ನ ಸಮಾನರಂತೆ ನೋಡುತ್ತಾನೆ. ವೇದಿಕೆ ಯಾವುದು, ಜನ ಯಾರು ಅನ್ನೋ ಗೆರೆಯೇ ಅಳಿಸಿಹೋಗುತ್ತದೆ. ಯಾವ ಸ್ಟುಡಿಯೋ ರೆಕಾರ್ಡೂ ಇದನ್ನು ಕೊಡಲಾರದು.

ವಿಡಿಯೋಗೆ ಒಂದು ಶಾಪವೂ ಇತ್ತು. ಟೇಪು ದುಬಾರಿ, ಮತ್ತೆ ಬಳಸಬಹುದು. ಹಾಗಾಗಿ ಒಂದು ರಾತ್ರಿಯ ಮೇಲೆ ಇನ್ನೊಂದು ರಾತ್ರಿಯನ್ನು ತುಂಬಿದರು. ಅಳಿದದ್ದು ಅಳಿದೇ ಹೋಯಿತು.

ಸ್ಕ್ರೀಮರ್ಸ್ ಅನ್ನೋ ಲಾಸ್ ಏಂಜಲೀಸ್ ಬ್ಯಾಂಡಿನ ಕಥೆ ಕೇಳಿ. ಗಿಟಾರೇ ಇಲ್ಲದ ಪಂಕ್ ಬ್ಯಾಂಡು, ಕೀಬೋರ್ಡು ಮತ್ತು ಡ್ರಮ್ಮು ಮಾತ್ರ. ಊರಲ್ಲಿ ದೊಡ್ಡ ಹೆಸರು. ಆದರೆ ಬ್ಯಾಂಡು ಇದ್ದಷ್ಟು ಕಾಲ ಒಂದೂ ರೆಕಾರ್ಡು ಹೊರತರಲಿಲ್ಲ. 1978ರಲ್ಲಿ ಟಾರ್ಗೆಟ್ ವಿಡಿಯೋದವರು ತೆಗೆದದ್ದು ಉಳಿದಿರುವುದರಿಂದಲೇ ಅದರ ಹಾಡುಗಾರ ಟೊಮಾಟಾ ಡು ಪ್ಲೆಂಟಿ ಹೇಗೆ ಹಾಡುತ್ತಿದ್ದರು, ಕಣ್ಣು ಹೇಗೆ ಅರಳಿಸುತ್ತಿದ್ದರು ಅನ್ನೋದು ನಮಗೆ ಗೊತ್ತು. ಆ ಟೇಪು ಹೋಗಿದ್ದರೆ ಆ ಬ್ಯಾಂಡು ಬರೀ ಬಾಯಿಮಾತಾಗಿ ಉಳಿಯುತ್ತಿತ್ತು. ಸಂಗ್ರಹಕಾರರು ಹಿಂದೆ ಬೀಳುವುದು ಇಂಥದ್ದರ ಹಿಂದೆ. ಬ್ಯಾಂಡಿನ ಒಳ್ಳೇ ಶೋ ಅಂತಲ್ಲ, ಬೇರೆಲ್ಲೂ ಸಾಕ್ಷಿಯೇ ಇಲ್ಲದ ಶೋ ಅಂತ. ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡು ಅಂದರೆ ಈಗಿನವರಿಗೆ ಹಾಡುಗಾರ ಹೆನ್ರಿ ರೋಲಿನ್ಸ್ ನೆನಪಾಗುತ್ತಾರೆ, ಆದರೆ ಅವರಿಗಿಂತ ಮುಂಚೆ ಸ್ವಲ್ಪ ಕಾಲ ರಾನ್ ರೇಯಸ್ ಹಾಡುತ್ತಿದ್ದರು, ಅವರನ್ನು ವೇದಿಕೆಯ ಮೇಲೆ ನೋಡಬೇಕೆಂದರೆ ಪೆನೆಲೊಪಿ ಸ್ಫೀರಿಸ್ ತೆಗೆದ 'ದಿ ಡಿಕ್ಲೈನ್ ಆಫ್ ವೆಸ್ಟರ್ನ್ ಸಿವಿಲೈಸೇಷನ್' ಚಿತ್ರಕ್ಕೇ ಹೋಗಬೇಕು. ಅದೇ ಚಿತ್ರದಲ್ಲಿರುವ ಜರ್ಮ್ಸ್ ಬ್ಯಾಂಡಿನ ಡಾರ್ಬಿ ಕ್ರ್ಯಾಶ್ 1980ರ ಡಿಸೆಂಬರಿನಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಅದಾದ ಮೇಲೆ, 1981ರಲ್ಲಿ.

ಇದನ್ನು ಮುಂಬೈ ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಲೆ ಕ್ಯಾಸೆಟ್ಟುಗಳನ್ನು ಕಾಪಿ ಮಾಡಿ ಮಾಡಿ ಹಂಚಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅದೇ ಪ್ರಸಂಗ, ಅದೇ ವಾಲಿ. ಆದರೆ ಎದುರು ಕೂತವರು ಬೇರೆ, ಆ ರಾತ್ರಿ ಹೊಳೆದ ಮಾತು ಬೇರೆ. ಒಂದು ಊರಿನ ವಾಲಿ ಇನ್ನೊಂದು ಊರಿನಲ್ಲಿ ಸಿಗುವುದಿಲ್ಲ. ಅದಕ್ಕೇ ಕ್ಯಾಸೆಟ್ಟಿನ ಮೇಲೆ ಊರು, ವರ್ಷ, ಎದುರು ಅರ್ಥ ಹೇಳಿದವರ ಹೆಸರು ಎಲ್ಲಾ ಬರೆದಿಡುತ್ತಿದ್ದರು. ಪಂಕ್ ಟೇಪಿನವರ ಪಟ್ಟಿಯೂ ಹಾಗೇ ಇರುತ್ತದೆ: ಬ್ಯಾಂಡು, ಕ್ಲಬ್ಬು, ತಾರೀಕು, ಎಷ್ಟು ನಿಮಿಷ, ಯಾವ ಜನರೇಷನ್.

ಜನರೇಷನ್ ಅಂದರೆ ಇಲ್ಲಿ ಪೀಳಿಗೆಯೇ. ಮೊದಲು ತುಂಬಿದ ಟೇಪು ಮಾಸ್ಟರ್. ಅದರಿಂದ ಮಾಡಿದ ಕಾಪಿ ಫಸ್ಟ್ ಜನರೇಷನ್, ಅದರ ಕಾಪಿ ಸೆಕೆಂಡ್. ವಿಎಚ್‌ಎಸ್‌ನಲ್ಲಿ ಒಂದೊಂದು ಮೆಟ್ಟಿಲು ಇಳಿದಾಗಲೂ ಚಿತ್ರ ಕರಗುತ್ತದೆ, ಬಣ್ಣ ಹರಡುತ್ತದೆ, ಧ್ವನಿಗೆ ಸರಸರ ಸದ್ದು ಸೇರಿಕೊಳ್ಳುತ್ತದೆ. ನಾಲ್ಕೈದು ಮೆಟ್ಟಿಲು ಇಳಿದರೆ ಮುಖ ಯಾವುದು, ಗೋಡೆ ಯಾವುದು ಗೊತ್ತಾಗುವುದಿಲ್ಲ. ಕೆಲವರು ಟೇಪು ಉಳಿಸಲು ನಿಧಾನ ವೇಗದಲ್ಲಿ, ಎರಡು ಗಂಟೆಯ ಕ್ಯಾಸೆಟ್ಟಿಗೆ ಆರು ಗಂಟೆ ತುಂಬುತ್ತಿದ್ದರು, ಅದರಿಂದ ಚಿತ್ರ ಇನ್ನಷ್ಟು ಕೆಟ್ಟಿತು. ಹಾಗಾಗಿ ಒಂದೇ ಶೋದ ಎರಡು ಕ್ಯಾಸೆಟ್ಟುಗಳಿಗೆ ಒಂದೇ ಬೆಲೆ ಇಲ್ಲ. ಮಾಸ್ಟರಿಗೆ ಹತ್ತಿರದ್ದು ಬೇಕು.

ನಮ್ಮ ಕಡೆ ಇನ್ನೊಂದು ತೊಡಕಿತ್ತು. ಅಮೆರಿಕದ ಕ್ಯಾಸೆಟ್ಟು ಎನ್‌ಟಿಎಸ್‌ಸಿ ಅನ್ನೋ ಟಿವಿ ಪದ್ಧತಿಯದು, 525 ಗೆರೆ, ಸೆಕೆಂಡಿಗೆ ಸುಮಾರು 30 ಫ್ರೇಮು. ಭಾರತದ್ದು ಪಾಲ್, 625 ಗೆರೆ, 25 ಫ್ರೇಮು. ಅಲ್ಲಿಂದ ಯಾರೋ ತಂದ ಕ್ಯಾಸೆಟ್ಟನ್ನು ಇಲ್ಲಿನ ವಿಸಿಆರಿಗೆ ಹಾಕಿದರೆ ಚಿತ್ರ ಉರುಳುತ್ತಿತ್ತು, ಇಲ್ಲವೇ ಬಣ್ಣ ಹೋಗುತ್ತಿತ್ತು. ಗಲ್ಫಿನಿಂದ ಬಂದವರು ತಂದ, ಎರಡನ್ನೂ ಓದುವ ಮಲ್ಟಿಸಿಸ್ಟಮ್ ವಿಸಿಆರ್ ಇದ್ದ ಮನೆಗೆ ಅದಕ್ಕೇ ಅಷ್ಟು ಬೆಲೆ. ಈಗಲೂ ಇಂಥ ಟೇಪು ನೋಡಬೇಕೆಂದರೆ ಮೊದಲು ಯಂತ್ರ ಹುಡುಕಬೇಕು. ಹೊಸ ವಿಸಿಆರ್ ಸಿಗುವುದಿಲ್ಲ, ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ಚೋರ್ ಬಜಾರಿನಲ್ಲಿ ಹಳೇದು ಹುಡುಕಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಬೆಲ್ಟು, ಟೇಪು ಓದುವ ಹೆಡ್ಡು ತಿಳಿದ ಮೆಕ್ಯಾನಿಕ್ಕನನ್ನು ಹಿಡಿಯಬೇಕು.

ಸರಿ, ಇಷ್ಟು ಬೇಡಿಕೆ ಇದ್ದರೆ ಕಂಪನಿಗಳು ಯಾಕೆ ಮತ್ತೆ ಹೊರತರುವುದಿಲ್ಲ? ಹಕ್ಕುಗಳ ಗಂಟು. ಕಾನ್ಸರ್ಟ್ ಫಿಲ್ಮಿಗೆ ಒಬ್ಬ ಮಾಲೀಕ ಇರುವುದಿಲ್ಲ. ತೆಗೆದವರಿಗೆ ಚಿತ್ರದ ಹಕ್ಕು. ಹಾಡು ಬರೆದವರಿಗೆ, ಅಥವಾ ಅವರ ಪಬ್ಲಿಷರಿಗೆ, ಹಾಡಿನ ಹಕ್ಕು. ನುಡಿಸಿದವರಿಗೆ ತಮ್ಮ ಪ್ರದರ್ಶನದ ಹಕ್ಕು. ಬ್ಯಾಂಡು ಯಾವುದೋ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ್ದರೆ ಅವರದೂ ಒಂದು ಮಾತು. 1978ರಲ್ಲಿ ಯಾರು ಕಾಗದ ಮಾಡಿಸಿಕೊಂಡಿದ್ದರು? ಆ ಕಂಪನಿಗಳು ಮುಚ್ಚಿ, ಮಾರಿ, ಇನ್ನೊಂದರ ಹೊಟ್ಟೆ ಸೇರಿವೆ, ಬ್ಯಾಂಡಿನವರಲ್ಲಿ ಒಬ್ಬರು ಸತ್ತಿದ್ದಾರೆ, ಇನ್ನಿಬ್ಬರು ಮಾತು ಬಿಟ್ಟಿದ್ದಾರೆ. ಎಲ್ಲರ ಸಹಿಯೂ ಬೇಕು. 'ಅರ್ಘ್! ಎ ಮ್ಯೂಸಿಕ್ ವಾರ್' ಅನ್ನೋ ಚಿತ್ರದಲ್ಲಿ ಮೂವತ್ತಕ್ಕೂ ಹೆಚ್ಚು ಬ್ಯಾಂಡುಗಳಿವೆ, ಹಲವು ಬೇರೆ ಬೇರೆ ಕಂಪನಿಗಳವು. ಅದು ಡಿವಿಡಿಗೆ ಬಂದಿದ್ದು 2009ರಲ್ಲಿ, ಅದೂ ಆರ್ಡರ್ ಬಂದ ಹಾಗೆ ಬರೆದುಕೊಡುವ ಡಿಸ್ಕಾಗಿ. ಅದರ ನಿರ್ದೇಶಕ ಡೆರೆಕ್ ಬರ್ಬಿಜ್, ಮುಂಬೈ ಶೋ ಇರುವ ಪೊಲೀಸ್ ಚಿತ್ರವನ್ನು ಮಾಡಿದ್ದೂ ಅವರೇ. 'ಡಿಕ್ಲೈನ್' ಕೂಡ ಡಿವಿಡಿ ಕಾಲವನ್ನು ಪೂರ್ತಿ ತಪ್ಪಿಸಿಕೊಂಡು 2015ರಲ್ಲಿ ಡಿಸ್ಕಾಯಿತು.

ಹೀಗೆ ದಾರಿ ಮುಚ್ಚಿದಾಗ ಬೂಟ್‌ಲೆಗ್, ಅಂದರೆ ಅನುಮತಿ ಇಲ್ಲದ ಕಾಪಿ, ಹುಟ್ಟುತ್ತದೆ. ಫ್ಯಾನ್‌ಜೀನ್ ಅನ್ನೋ ಕೈಬರಹ, ಜೆರಾಕ್ಸ್ ಪತ್ರಿಕೆಗಳ ಹಿಂದಿನ ಪುಟದಲ್ಲಿ ಟೇಪು ವಿನಿಮಯದ ಜಾಹೀರಾತು ಇರುತ್ತಿದ್ದವು. ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ಖರ್ಚು ಕಳಿಸಿ, ತುಂಬಿಸಿ ಕಳಿಸುತ್ತೇವೆ ಅಂತ. ದುಡ್ಡು ಮಾಡುವುದು ತಪ್ಪು ಅಂತ ಆ ಗುಂಪಿನಲ್ಲೇ ಒಂದು ಕಟ್ಟುಪಾಡು. ಕಾನೂನಿನ ಕಣ್ಣಿಗೆ ಅದೂ ಸರಿಯಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾ ಹೊರಬಂದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಆದರೂ ನಾನು ಒಂದು ಮಾತು ನೇರವಾಗಿ ಹೇಳುತ್ತೇನೆ: ಆ ವಿನಿಮಯ ಇಲ್ಲದಿದ್ದರೆ ಇವುಗಳಲ್ಲಿ ಬಹಳಷ್ಟು ಇವತ್ತು ಇರುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಒಂದೇ ಕಾಪಿ ಇಟ್ಟುಕೊಂಡು, ಯಾರಿಗೂ ತೋರಿಸದೆ, ಬೆಲೆ ಏರಲಿ ಅಂತ ಕಾಯುವವರ ಮೇಲೆ. ಟೇಪು ಚಿನ್ನ ಅಲ್ಲ. ಕಾಯುತ್ತಾ ಕೂತರೆ ಅದು ಸಾಯುತ್ತದೆ.

ಹೇಗೆ ಸಾಯುತ್ತದೆ ಅನ್ನೋದು ನಮ್ಮ ಊರಿನವರಿಗೆ ಗೊತ್ತಿರಲೇಬೇಕು. ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಒಂದು ಥರದ ಅಂಟಿನಲ್ಲಿ ಕೂರಿಸಿದ ಕಾಂತೀಯ ಪುಡಿ. ಆ ಅಂಟು ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಆಗ ಓಡಿಸಿದರೆ ಪುಡಿ ಕಿತ್ತು ಹೆಡ್ಡಿಗೆ ಅಂಟುತ್ತದೆ, ಚಿತ್ರ ಅಲ್ಲಿಗೆ ಮುಗಿಯಿತು. ಮುಂಬೈಯ ಜುಲೈನಲ್ಲಿ ಗಾಳಿಯ ತೇವ ಶೇಕಡಾ 80 ದಾಟುವುದು ಮಾಮೂಲು. ಫಂಗಸ್ಸೂ ಹಿಡಿಯುತ್ತದೆ, ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ದಯವಿಟ್ಟು ವಿಸಿಆರಿಗೆ ಹಾಕಬೇಡಿ, ಆ ಯಂತ್ರಕ್ಕೆ ಆಮೇಲೆ ಹಾಕಿದ ಎಲ್ಲಾ ಟೇಪಿಗೂ ಅದು ಹರಡುತ್ತದೆ. ಫಿಲ್ಮಿನ ಕಾಯಿಲೆ ಬೇರೆ. ಅಸಿಟೇಟ್ ಫಿಲ್ಮು ಕೆಡತೊಡಗಿದರೆ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬರುತ್ತದೆ. ಅದನ್ನು ಬೇರೆ ರೀಲುಗಳಿಂದ ಕೂಡಲೇ ದೂರ ಇಡಬೇಕು. ಮ್ಯಾಗ್ನೆಟಿಕ್ ಟೇಪುಗಳನ್ನು ಸುಮಾರು 2025ರೊಳಗೆ ಡಿಜಿಟಲ್ ಮಾಡದಿದ್ದರೆ ಬಹಳಷ್ಟು ಕೈತಪ್ಪುತ್ತವೆ ಅಂತ ಯುನೆಸ್ಕೋ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಮುಂಚೆಯೇ ಎಚ್ಚರಿಸಿದ್ದವು. ಆ ಗಡುವು ಬಂದೇ ಬಿಟ್ಟಿತು.

ಕೊಳ್ಳುವ ಆಸೆ ಇರುವವರಿಗೆ ಒಂದೆರಡು ಮಾತು. ಅಪರೂಪದ್ದು ಅಂತ ಮಾರುವ ಡಿಸ್ಕು ಎಷ್ಟೋ ಸಲ ಇಂಟರ್ನೆಟ್ಟಿನಿಂದ ಇಳಿಸಿ ಬರೆದದ್ದಾಗಿರುತ್ತದೆ. ಅಡಿಭಾಗ ನೇರಳೆ ಬಣ್ಣದ್ದಾದರೆ ಕಂಪ್ಯೂಟರಿನಲ್ಲಿ ಬರೆದ ಡಿಸ್ಕು, ಬೆಳ್ಳಿ ಬಣ್ಣವಾದರೆ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ಆದರೆ 'ಅರ್ಘ್!' ಥರದವು ಅಧಿಕೃತವಾಗಿಯೇ ಬರೆದ ಡಿಸ್ಕಾಗಿ ಬಂದಿರುವುದರಿಂದ ಬಣ್ಣವೊಂದನ್ನೇ ನಂಬಬೇಡಿ. ಕೊಡಾಕ್ ಫಿಲ್ಮಾದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತು ಇರುತ್ತದೆ, ಅದು ಫಿಲ್ಮು ತಯಾರಾದ ವರ್ಷ ಹೇಳುತ್ತದೆ. ಹಳೆಯವುಗಳಲ್ಲಿ ಅದೇ ಗುರುತು 20 ವರ್ಷಕ್ಕೊಮ್ಮೆ ಮರುಕಳಿಸುತ್ತಿತ್ತು. 1977ರ ಶೋ ಅಂತ ಹೇಳುವ ರೀಲಿನಲ್ಲಿ 1981ರ ಗುರುತಿದ್ದರೆ, ಅದು ಮೂಲ ಅಲ್ಲ.

ನಮ್ಮೂರಲ್ಲೂ ಇದೇ ಕಥೆ ನಡೆಯುತ್ತಿದೆ, ಈಗಲೇ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಅನ್ನೋ ಸಂಗೀತೋತ್ಸವ ವರ್ಷಗಟ್ಟಲೆ ನಡೆದದ್ದು ಧೋಬಿ ತಲಾವಿನ ರಂಗಭವನದಲ್ಲಿ. ಹತ್ತಿರದಲ್ಲಿ ಆಸ್ಪತ್ರೆ, ಕಾಲೇಜು ಇದ್ದದ್ದರಿಂದ ನಿಶ್ಶಬ್ದ ವಲಯದ ನಿಯಮ ಬಂದು ಅಲ್ಲಿ ಜೋರು ಸಂಗೀತ ನಿಂತಿತು. ಆಮೇಲೆ ರಯಟ್ ಪೆಡ್ಲರ್ಸ್ ಥರದ ಪಂಕ್ ಬ್ಯಾಂಡು, ಡೆತ್ ಬೈ ಫಂಗೈ ಥರದ ಹಾರ್ಡ್‌ಕೋರ್ (ಇನ್ನೂ ಬಿರುಸಿನ ಪಂಕ್) ಬ್ಯಾಂಡು ಈ ಊರಲ್ಲೇ ಹುಟ್ಟಿ ಸಣ್ಣ ಜಾಗಗಳಲ್ಲಿ ನುಡಿಸಿವೆ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, ಮುಂಬೈಯಲ್ಲಿ 2014ರಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಇವರು ಮಾಡುವ ಕೆಲಸ ದೊಡ್ಡದು, ಆದರೆ ಅವರ ಕೈ ತುಂಬಾ ಸಿನಿಮಾ ರೀಲುಗಳಿವೆ. ದೊಂಬಿವಿಲಿಯ ಯಾರೋ ಹುಡುಗ ಗೆಳೆಯನ ಬ್ಯಾಂಡನ್ನು ತೆಗೆದ ಕ್ಯಾಸೆಟ್ಟು ಅವರ ಬಾಗಿಲಿಗೆ ತಾನಾಗಿ ಹೋಗುವುದಿಲ್ಲ.

ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಮಾಡಬೇಕಾದದ್ದು ಇಷ್ಟು. ಮಿನಿಡಿವಿ ಅನ್ನೋ ಸಣ್ಣ ಕ್ಯಾಸೆಟ್ಟು ಆದರೆ ಒಳಗಿರುವುದು ಆಗಲೇ ಡಿಜಿಟಲ್, ಆದರೆ ಇಳಿಸಲು ಫೈರ್‌ವೈರ್ ಕಿಂಡಿ ಇರುವ ಹಳೇ ಕಂಪ್ಯೂಟರ್ ಬೇಕು, ಈಗಿನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಹಾಗಾಗಿ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಈ ಕೆಲಸ ಮುಗಿಸಿ. ವಿಎಚ್‌ಎಸ್ ಅಥವಾ ಹೈ8 ಕ್ಯಾಮೆರಾದ ಕ್ಯಾಸೆಟ್ಟು ಆದರೆ ಅಂಗಡಿಗೆ ಕೊಡುವಾಗ ಕುಗ್ಗಿಸದ ಫೈಲು ಬೇಕು ಅಂತ ಮೊದಲೇ ಹೇಳಿ, ಫೋನಿನಲ್ಲಿ ನೋಡುವ ಸಣ್ಣ ಫೈಲು ಜೊತೆಗೆ ಇರಲಿ, ಅದೊಂದೇ ಸಾಲದು. ಫೈಲು ಎರಡು ಬೇರೆ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಡಿ. ಡಿಜಿಟಲ್ ಆಯ್ತಲ್ಲ ಅಂತ ಟೇಪು ಬಿಸಾಡಬೇಡಿ, ಮುಂದೆ ಇನ್ನೂ ಚೆನ್ನಾಗಿ ಓದುವ ಯಂತ್ರ ಯಾರ ಹತ್ತಿರವೋ ಸಿಗಬಹುದು. ಡಬ್ಬಿಯ ಮೇಲೆ ತಾರೀಕು, ಜಾಗ, ಬ್ಯಾಂಡಿನ ಹೆಸರು, ಯಾರು ಏನು ನುಡಿಸಿದ್ದು, ಕ್ಯಾಮೆರಾ ಹಿಡಿದವರು ಯಾರು, ಇಷ್ಟನ್ನೂ ಬರೆಯಿರಿ. ಕನ್ನಡದಲ್ಲೇ ಬರೆದರೂ ಸರಿ, ಅಳಿಸದ ಶಾಯಿಯಲ್ಲಿ ಇರಲಿ.